‘ಗೊಮ್ಮಟ’ ಪದದ ಮೂಲ

ಶ್ರವಣಬೆಳಗೊಳದ ಭಗವಾನ್ ಬಾಹುಬಲಿಗೆ ‘ಗೊಮ್ಮಟ’ ಎಂಬ ಹೆಸರು ಹೇಗೆ ಬಂತು? 941ರ ಪಂಪನ ಆದಿಪುರಾಣದಲ್ಲಿ ಅವರು ಬಾಹುಬಲಿ, ಭುಜಬಲಿ, ಗೊಮ್ಮಟ ಅಲ್ಲ. ವಿಗ್ರಹದ ಪಾದದ ಬಳಿಯ ಕನ್ನಡ ಶಾಸನವೂ ಅದನ್ನು ಮಾಡಿಸಿದವನು ಚಾವುಂಡರಾಯ ಎಂದಷ್ಟೇ ಹೇಳುತ್ತದೆ.

ಮಂಜೇಶ್ವರ ಗೋವಿಂದ ಪೈಗಳ ಪ್ರಕಾರ ಇದು ‘ಮನ್ಮಥ’ ಶಬ್ದದ ಪ್ರಾಕೃತ ತದ್ಭವ. ಜೈನ ಪರಂಪರೆಯಲ್ಲಿ ಬಾಹುಬಲಿ ಮೊದಲ ಕಾಮದೇವರಾದ್ದರಿಂದ ಅರ್ಥ ಸೊಗಸಾಗಿ ಹೊಂದುತ್ತದೆ. ಆದರೆ ಪ್ರಾಕೃತದಲ್ಲಿ ಮನ್ಮಥನ ಪರಿಚಿತ ರೂಪ ‘ವಮ್ಮಹ’. ಅಲ್ಲಿಂದ ‘ಗೊಮ್ಮಟ’ಕ್ಕೆ ದಾರಿ ದೂರ.

ಡಾ. ಆ.ನೇ. ಉಪಾಧ್ಯೆಯವರು ಬೇರೆ ಕಡೆ ಹುಡುಕಿದರು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿ ಚಾವುಂಡರಾಯನೇ ಗೊಮ್ಮಟರಾಯ! ಮರಾಠಿಯ ‘ಗೋಮಟಾ’, ಕೊಂಕಣಿಯ ‘ಗೊಮ್ಟೊ’ ಎಂದರೆ ಚೆಲುವ. ಅದು ಚಾವುಂಡರಾಯನ ಮನೆಯ ಮುದ್ದಿನ ಹೆಸರಾಗಿದ್ದಿರಬೇಕು, ಗೊಮ್ಮಟನ ಈಶ್ವರನೇ ಗೊಮ್ಮಟೇಶ್ವರ ಎಂಬುದು ಅವರ ವಾದ. ಕಟ್ಟಿಸಿದವನ ಹೆಸರು ದೇವರಿಗೆ ಸೇರುವುದು ನಮ್ಮ ನಾಡಿನಲ್ಲಿ ಹೊಸದೇನಲ್ಲ. ಗ್ರಂಥದ ಆಧಾರವೂ ಇರುವುದರಿಂದ ಈ ವಾದವೇ ಹೆಚ್ಚು ಗಟ್ಟಿ.

ಕ್ರಮೇಣ ಭಕ್ತನ ಹೆಸರು ಸ್ವಾಮಿಯದೇ ಆಯಿತು. 1432ರಲ್ಲಿ ಕಾರ್ಕಳದಲ್ಲಿ, 1604ರಲ್ಲಿ ವೇಣೂರಿನಲ್ಲಿ ನಿಂತ ಬಾಹುಬಲಿ ಮೂರ್ತಿಗಳನ್ನು ಮಾಡಿಸಿದವರು ಬೇರೆ ಅರಸರು. ಜನ ಅವನ್ನೂ ಗೊಮ್ಮಟ ಎಂದೇ ಕರೆದರು.