ಮಧ್ಯಂತರ ವಿಶ್ಲೇಷಣೆ
ಔಷಧ ಪ್ರಯೋಗ ಮುಗಿಯುವ ಮೊದಲೇ, ಅದುವರೆಗಿನ ಮಾಹಿತಿಯನ್ನು ಸ್ವತಂತ್ರ ಸಮಿತಿಯೊಂದು ಪರಿಶೀಲಿಸುವ ಸಂಖ್ಯಾಶಾಸ್ತ್ರೀಯ ಕ್ರಮ. ನೋಡಿದಷ್ಟೂ ಸಲ ಆಕಸ್ಮಿಕ ವ್ಯತ್ಯಾಸವನ್ನೇ ಮದ್ದಿನ ಗುಣವೆಂದು ಎಣಿಸುವ ಅಪಾಯ ಬೆಳೆಯುತ್ತದೆ: ಶೇ. 5ರ ಮಿತಿಯಿಟ್ಟು ಸಮ ಅಂತರದಲ್ಲಿ ಐದು ಬಾರಿ ಪರೀಕ್ಷಿಸಿದರೆ ಅದು ಸುಮಾರು ಶೇ. 14 ಆಗುತ್ತದೆ. ಈ ಅಪಾಯ ತಡೆಯಲು ಸಂಖ್ಯಾಶಾಸ್ತ್ರಜ್ಞ ಪೊಕಾಕ್ (1977) ಪ್ರತಿ ಸಲಕ್ಕೂ ಒಂದೇ ಬಿಗಿಮಿತಿ ಸೂಚಿಸಿದರು. ಓಬ್ರಿಯನ್–ಫ್ಲೆಮಿಂಗ್ (1979) ಮಿತಿ ಆರಂಭದಲ್ಲಿ ಅತಿ ಕಠಿಣ, ಬರಬರುತ್ತ ಸಡಿಲ. ಅವಸರದ ತೀರ್ಮಾನವನ್ನು ತಡೆಯುವುದರಿಂದ ಇದೇ ಮೇಲು.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲ್ಗೊಂಡ ವಿಶ್ವ ಆರೋಗ್ಯ ಸಂಸ್ಥೆಯ ‘ಆಕ್ಷನ್-1’ ಪ್ರಯೋಗ ಮಧ್ಯಂತರ ವಿಶ್ಲೇಷಣೆಗೆ ಉತ್ತಮ ನಿದರ್ಶನ. ಐದು ದೇಶಗಳಲ್ಲಿ, ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದ 2,852 ಗರ್ಭಿಣಿಯರಿಗೆ ಡೆಕ್ಸಾಮೆಥಾಸೋನ್ ಅಥವಾ ಔಷಧವಿಲ್ಲದ ಚುಚ್ಚುಮದ್ದು ನೀಡಲಾಯಿತು. ಲಾಭ ಸ್ಪಷ್ಟವಾದ್ದರಿಂದ ಸಮಿತಿಯ ಸಲಹೆಯಂತೆ 2019ರಲ್ಲಿ ಪ್ರಯೋಗ ನಿಂತಿತು. ನವಜಾತ ಶಿಶುಮರಣ ಔಷಧ ಪಡೆದವರಲ್ಲಿ ಶೇ. 19.6, ಉಳಿದವರಲ್ಲಿ ಶೇ. 23.5 ಇತ್ತು.