ಚಕ್ಕಡಿಯ ಕೀಲು, ಪಿಕಪ್ಪಿನ ಕಮಾನು

ಕಾರ್ಖಾನೆಯಿಂದ ಹೊಸದಾಗಿ ಬಂದ ಪಿಕಪ್ ಗಾಡಿಯು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಬಂದ ಹಾಗೆಯೇ ಉಳಿಯುವುದು ಅಪರೂಪ. ಕೆಲವೇ ದಿನಗಳಲ್ಲಿ ಅದರ ತೊಟ್ಟಿಯ ಪಕ್ಕೆಗಳ ಮೇಲೆ ಕಬ್ಬಿಣದ ಕಟಾಂಜನ ಏರುತ್ತದೆ. ತಳಕ್ಕೆ ರಬ್ಬರಿನ ಹಾಸು ಬೀಳುತ್ತದೆ. ತಾಡಪತ್ರಿ ಹೊದಿಸಲು ಸರಳುಗಳು, ಹಗ್ಗ ಬಿಗಿಯಲು ಕೊಂಡಿಗಳು ಬರುತ್ತವೆ. ಹಿಂದಿನ ಅಚ್ಚಿನ ಮೇಲಿರುವ ಕಮಾನುಪಟ್ಟಿಗಳ ಕಟ್ಟಿಗೆ, ನಮ್ಮ ಮಿಸ್ತ್ರಿಗಳು ಪಾಟಾ ಎಂದು ಕರೆಯುವ ಆ ಉಕ್ಕಿನ ಪಟ್ಟಿಗಳಿಗೆ, ಇನ್ನೊಂದೆರಡು ಸೇರಿಕೊಳ್ಳುವುದೂ ಉಂಟು. ಇದನ್ನು ನೋಡಿದವರು ಹೊಸ ಕಾಲದ ಹುಚ್ಚೆಂದು ನಗಬಹುದು. ಆದರೆ ಇದು ಹೊಸದಲ್ಲ. ಭಾರ ಹೊರುವ ಗಾಡಿಯನ್ನು ತನ್ನ ನೆಲಕ್ಕೂ ತನ್ನ ಸರಕಿಗೂ ತಕ್ಕಂತೆ ತಿದ್ದಿಕೊಳ್ಳುವುದು ಈ ನಾಲ್ಕು ತಾಲ್ಲೂಕುಗಳ ಬಹು ಹಳೆಯ ರೂಢಿ. ಆ ರೂಢಿಯ ಕಥೆಯನ್ನು ತಿಳಿದರೆ, ಇಂದು ಯಾವುದನ್ನು ತಿದ್ದಬೇಕು, ಯಾವುದನ್ನು ಮುಟ್ಟಬಾರದು ಎಂಬುದೂ ತಿಳಿದೀತು.

ಮೊದಲು ನೆಲದ ಮಾತು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿಯ ಬಯಲು ಬೆಳೆದರೆ ಓಣಿಯ ತುಂಬ ಜೋಳವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಜೋಳವನ್ನು ಬೆಳೆಯುವ ಈ ಎರೆಮಣ್ಣೇ ಅದನ್ನು ಸಾಗಿಸುವವನಿಗೆ ಶತ್ರು. ಮಳೆ ಬಿದ್ದಾಗ ಎರೆ ಉಬ್ಬಿ ಅಂಟಾಗುತ್ತದೆ, ಗಾಲಿಯನ್ನು ಹಿಡಿದು ಬಿಡದು. ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಗಾಲಿಯನ್ನು ಕುಲುಕಿ ಮುರಿಯುತ್ತದೆ. ಇಂಥ ನೆಲದಲ್ಲಿ ಓಡಬೇಕಾದ ಚಕ್ಕಡಿಯನ್ನು ಊರಿನ ಬಡಿಗನೂ ಕಮ್ಮಾರನೂ ಕೂಡಿ ಕಟ್ಟುತ್ತಿದ್ದರು. ಕರಿಜಾಲಿಯ ಗಟ್ಟಿ ಮರದಿಂದ ಗಾಲಿ. ಅದಕ್ಕೆ ಕಬ್ಬಿಣದ ಹಳಿ. ಕುಳ್ಳಿನ ಬೆಂಕಿಯಲ್ಲಿ ಹಳಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದ್ದಾಗ ಗಾಲಿಗೆ ತೊಡಿಸಿ, ಕೂಡಲೇ ನೀರು ಸುರಿದರೆ ಅದು ಕುಗ್ಗಿ ಮರದ ಸಂದುಗಳನ್ನೆಲ್ಲ ಬಿಗಿದು ಹಿಡಿಯುತ್ತಿತ್ತು. ಮೊಳೆಗಿಂತ ಈ ಕುಗ್ಗುವಿಕೆಯೇ ಗಾಲಿಗೆ ಬಲ.

ಗಾಲಿ ಎತ್ತರವಾಗಿರಬೇಕು, ಇಲ್ಲವಾದರೆ ಕೆಸರಿನಲ್ಲಿ ಏಳದು. ಅಚ್ಚಿಗೆ ಎಣ್ಣೆಯಿರಬೇಕು, ಇಲ್ಲವಾದರೆ ಎತ್ತಿಗೆ ದಣಿವು. ಅಚ್ಚಿನ ತುದಿಯಲ್ಲಿ ಗಾಲಿ ಕಳಚದಂತೆ ತಡೆಯುವ ಕಡೆಗೀಲಂತೂ ಬೆರಳುದ್ದದ ವಸ್ತು. ಆದರೆ ಇಡೀ ಬಂಡಿ ನಿಂತಿರುವುದು ಅದರ ಮೇಲೆ. ವಚನಕಾರ ಜೇಡರ ದಾಸಿಮಯ್ಯನು ಒಡಲನ್ನು ಬಂಡಿಗೂ ಶರಣರ ನುಡಿಯನ್ನು ಅದರ ಕಡೆಗೀಲಿಗೂ ಹೋಲಿಸಿದ್ದು ಸುಮ್ಮನೆ ಅಲ್ಲ. ಕೀಲಿಲ್ಲದ ಬಂಡಿಯ ಗತಿ ಏನೆಂಬುದು ಅವನ ಕೇಳುಗರಿಗೆಲ್ಲ ಕಣ್ಣಾರೆ ತಿಳಿದಿತ್ತು.

ಎಲ್ಲಕ್ಕಿಂತ ಮಿಗಿಲಾದ ವಿದ್ಯೆ ಹೇರುವ ವಿದ್ಯೆ. ಚಕ್ಕಡಿಗೆ ಇರುವುದು ಒಂದೇ ಅಚ್ಚು, ಎರಡೇ ಗಾಲಿ. ಹೇರು ಮುಂದಕ್ಕೆ ಜರುಗಿದರೆ ನೊಗ ಎತ್ತಿನ ಹೆಗಲನ್ನು ಒತ್ತಿ ಹುಣ್ಣುಮಾಡುತ್ತದೆ. ಹಿಂದಕ್ಕೆ ಜರುಗಿದರೆ ನೊಗ ಮೇಲೆದ್ದು ಕೊರಳಪಟ್ಟಿ ಎತ್ತಿನ ಗಂಟಲನ್ನು ಬಿಗಿಯುತ್ತದೆ. ಆದುದರಿಂದ ಭಾರವಾದ ಚೀಲಗಳನ್ನು ಅಚ್ಚಿನ ನೇರಕ್ಕೆ, ತುಸು ಮುಂದಕ್ಕೆ ಇಟ್ಟು, ನೊಗವನ್ನು ಒಂದು ಕೈಯಿಂದ ಎತ್ತಿ ನೋಡಿ, ಆಮೇಲೆ ಎತ್ತು ಹೂಡುತ್ತಿದ್ದರು. ಲೆಕ್ಕವನ್ನು ಪುಸ್ತಕದಲ್ಲಿ ಬರೆದವರಿಲ್ಲ, ಕೈಯೇ ತಕ್ಕಡಿ.

ಗಾಡಿಯನ್ನಷ್ಟೇ ಅಲ್ಲ, ಎತ್ತನ್ನೂ ನಮ್ಮವರು ತಿದ್ದಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಮಹಾರಾಷ್ಟ್ರ ಸಂಸ್ಥಾನಗಳ ಅರಸರು ಗುಜರಾತಿನ ಗಿರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲು ಮೊದಲಾದ ರಕ್ತವನ್ನು ಸ್ಥಳದ ದನಗಳಲ್ಲಿ ಬೆರಸಿ, ಎರೆಯಲ್ಲಿ ಎಳೆಯಲು ತಕ್ಕ ಭಾರಿ ಮೈಯ ಕೃಷ್ಣಾ ಕಣಿವೆ ತಳಿಯನ್ನು ಬೆಳೆಸಿದರು. ಹಗುರ ಓಟಕ್ಕೆ ಖಿಲಾರಿ, ಭಾರದ ಎಳೆತಕ್ಕೆ ಕೃಷ್ಣಾ ಕಣಿವೆ ಎಂಬ ವಿಂಗಡಣೆ ಹೀಗೆ ಉಂಟಾಯಿತು. ಇದೂ ಒಂದು ಬಗೆಯ ಯಂತ್ರಸುಧಾರಣೆಯೇ ಅಲ್ಲವೆ?

ಇಷ್ಟಿದ್ದರೂ ಚಕ್ಕಡಿಗೆ ಒಂದು ಎಲ್ಲೆಯಿತ್ತು. ಎತ್ತು ಗಂಟೆಗೆ ಮೂರು ನಾಲ್ಕು ಕಿಲೋಮೀಟರು ನಡೆಯುತ್ತದೆ. ನಡೆಯುತ್ತ ಮೇವು ತಿನ್ನುತ್ತದೆ, ನೀರು ಕುಡಿಯುತ್ತದೆ. ಮೇವು ನೀರು ಎರಡೂ ಇಲ್ಲದ ವರ್ಷ ಗಾಡಿಯೇ ಇಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ನಮ್ಮ ಜಿಲ್ಲೆಗೆ ಈ ಎಲ್ಲೆಯ ಅರಿವು ಕ್ರೂರವಾಗಿ ಆಯಿತು. ಬೇರೆಡೆ ಕಾಳು ಇದ್ದರೂ ಅದನ್ನು ತರಬೇಕಾದ ಎತ್ತುಗಳೇ ಮೊದಲು ಬಿದ್ದವು. ಆ ಕ್ಷಾಮದ ಪಾಠದಿಂದಲೇ ರೈಲು ಬೇಕೆಂಬ ಒತ್ತಾಯ ಬಲವಾಯಿತು. ಸದರ್ನ್ ಮರಾಠಾ ರೈಲ್ವೆಯ ಹೊಟಗಿ–ಗದಗ ಮಾರ್ಗವು 1884ರಲ್ಲಿ ತೆರೆಯಿತು. ಮರುವರ್ಷ, 1885ರಲ್ಲಿ, ಜಿಲ್ಲೆಯ ಮುಖ್ಯ ಸ್ಥಳವು ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು.

ರೈಲು ಬಂದರೂ ಚಕ್ಕಡಿಯ ಕೆಲಸ ಮುಗಿಯಲಿಲ್ಲ. ನಿಲ್ದಾಣಗಳ ಹೆಸರನ್ನೇ ನೋಡಿ: ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್. ರೋಡ್ ಎಂಬ ಆ ಬಾಲವು, ಊರು ಇಲ್ಲಿಲ್ಲ, ಇಲ್ಲಿಂದ ಮುಂದೆ ದಾರಿ ಹಿಡಿಯಿರಿ ಎಂದು ಪ್ರಯಾಣಿಕನಿಗೆ ಹೇಳುತ್ತದೆ. ಸಿಂದಗಿ, ಮುದ್ದೇಬಿಹಾಳಗಳಂತೂ ಆ ಹಳಿಯ ಮೇಲೆ ಬರಲೇ ಇಲ್ಲ. ಹೀಗಾಗಿ ಈ ಸೀಮೆಯ ಕಾಳು, ಕಟ್ಟಿಗೆ, ಮನೆ ಕಟ್ಟುವ ಕಲ್ಲು, ಮದುವೆಯ ದಿಬ್ಬಣ, ಜಾತ್ರೆಯ ಜನ ಎಲ್ಲವೂ ರಸ್ತೆಯ ಗಾಡಿಯನ್ನೇ ನಂಬಬೇಕಾಯಿತು.

ಮುಂದಿನ ತಿದ್ದುಪಡಿ ರಬ್ಬರಿನದು. ಬಂಗಾಲದ ಸಹಾಗಂಜಿನಲ್ಲಿ 1936ರಲ್ಲಿ ಡನ್‌ಲಪ್ ಕಾರ್ಖಾನೆ ಆರಂಭವಾದ ಮೇಲೆ ಗಾಳಿ ತುಂಬಿದ ಟಯರು ನಮ್ಮ ದೇಶದಲ್ಲೇ ತಯಾರಾಗತೊಡಗಿತು. ಹಳ್ಳಿಯವನು ಹೊಸ ಟಯರಿಗಾಗಿ ಕಾಯಲಿಲ್ಲ. ಲಾರಿಗೆ ಬೇಡವಾಗಿ ಕಳಚಿದ ಗಾಲಿ, ಅಚ್ಚು, ಬೇರಿಂಗುಗಳನ್ನು ಗುಜರಿಯಿಂದ ತಂದು ಚಕ್ಕಡಿಯ ಕೆಳಗೆ ಕೂರಿಸಿದನು, ಅದೇ ಟಯರುಬಂಡಿ. ಕಬ್ಬಿಣದ ಹಳಿ ಡಾಂಬರು ರಸ್ತೆಯನ್ನು ಕೊರೆಯುತ್ತಿದ್ದರೆ, ರಬ್ಬರು ಕೊರೆಯಲಿಲ್ಲ. ಅದೇ ಜೋಡೆತ್ತು ಗಟ್ಟಿ ರಸ್ತೆಯಲ್ಲಿ ಹೆಚ್ಚು ಭಾರವನ್ನು ಸುಲಭವಾಗಿ ಎಳೆಯಿತು. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು ಎಪ್ಪತ್ತರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನು ದೇಶದ ಮುಂದಿಟ್ಟಾಗ, ಗಾಲಿ, ಬೇರಿಂಗು, ನೊಗ ಇವುಗಳ ದೋಷದಿಂದ ಎತ್ತಿನ ಶಕ್ತಿ ಎಷ್ಟು ವ್ಯರ್ಥವಾಗುತ್ತದೆಂಬುದನ್ನೇ ಒತ್ತಿ ಹೇಳಿದರು. ನಮ್ಮ ಕಮ್ಮಾರರು ಅದೇ ಸಮಸ್ಯೆಗೆ ತಮಗೆ ತಿಳಿದ ಉತ್ತರವನ್ನು ಗುಜರಿಯಲ್ಲಿ ಹುಡುಕಿದ್ದರು.

ಮೋಟಾರಿನ ಯುಗವೂ ಈ ಕೈಗಳನ್ನು ದೂರವಿಡಲಿಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯಕ್ಕೆ ಬೇಡವಾದ ಜೀಪು, ಲಾರಿಗಳು ಹರಾಜಿಗೆ ಬಂದವು. 1945ರಲ್ಲಿ ಸ್ಥಾಪನೆಯಾದ ಮಹೀಂದ್ರ ಸಂಸ್ಥೆಯು ಜೀಪುಗಳ ಜೋಡಣೆಗೆ ಕೈಹಾಕಿತು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್–ಬೆಂಜ್ ಸಂಸ್ಥೆಯೊಡನೆ ಕೂಡಿ ಜಮಶೇಡಪುರದಲ್ಲಿ ಲಾರಿ ತಯಾರಿಸತೊಡಗಿದರು. ಲಾರಿಯನ್ನು ಕೊಳ್ಳುವವನಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಚೌಕಟ್ಟು, ಎಂಜಿನು, ಗಾಲಿ ಇಷ್ಟೇ. ಚಾಲಕನ ಗೂಡು, ತೊಟ್ಟಿ, ಪಕ್ಕೆಹಲಗೆ ಇವನ್ನು ಪಟ್ಟಣದ ಬಡಿಗರೇ ಕಟ್ಟಬೇಕಾಗಿತ್ತು. ಕಾರ್ಖಾನೆಯೇ ಅರ್ಧ ಗಾಡಿಯನ್ನು ಮಾರಿ ಉಳಿದರ್ಧವನ್ನು ಬಡಿಗನಿಗೆ ಬಿಟ್ಟಿದ್ದ ಕಾಲವದು. ಗಾಡಿ ಎಂದರೆ ಕೊಂಡ ಮೇಲೆ ಕಟ್ಟಿಕೊಳ್ಳುವ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಲು ಇದೂ ಒಂದು ಕಾರಣ.

ಸಣ್ಣ ಗಾಡಿಗಳು ಆಮೇಲೆ ಬಂದವು. 1958ರಲ್ಲಿ ಸ್ಥಾಪನೆಯಾದ ಬಜಾಜ್ ಟೆಂಪೊ ಸಂಸ್ಥೆಯ ಮೂರು ಗಾಲಿಯ ವಾಹನದಿಂದ ಟೆಂಪೊ ಎಂಬ ಶಬ್ದವೇ ಕನ್ನಡವಾಯಿತು. 1988ರಲ್ಲಿ ಟಾಟಾಮೊಬೈಲ್ ಎಂಬ ಪಿಕಪ್ಪು, 2005ರಲ್ಲಿ ಟಾಟಾ ಏಸ್ ಬಂದವು. 702 ಸಿಸಿಯ ಎರಡು ಸಿಲಿಂಡರಿನ ಎಂಜಿನು, ಹದಿನಾರು ಕುದುರೆಗಳ ಬಲದ ಈ ಚಿಕ್ಕ ಗಾಡಿ ಹಳ್ಳಿಯ ಸಂದಿಯಲ್ಲೂ ತಿರುಗಬಲ್ಲುದಾದ್ದರಿಂದ ಜನ ಇದನ್ನು ಛೋಟಾ ಹಾಥಿ ಎಂದು ಕರೆದರು.

ಅಷ್ಟರಲ್ಲಿ ಸರಕೂ ಬದಲಾಗಿತ್ತು. ಆಗಿನ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ದೇಶಕ್ಕೆ ಅರ್ಪಿಸಿದರು. ಕಾಲುವೆ ಮುಟ್ಟಿದ ಕಡೆ ಕಬ್ಬು ಬಂದಿತು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಇಂಡಿಯ ನಿಂಬೆ, ಅದರ ಜೊತೆಗೆ ದಾಳಿಂಬೆ, ತರಕಾರಿಗಳು ಪೇಟೆಗೆ ಬೇಗ ಮುಟ್ಟಬೇಕಾದ ಸರಕು. ಜೋಳದ ಚೀಲ ಒಂದು ವಾರ ಕಾಯುತ್ತದೆ, ನಿಂಬೆಯ ಚೀಲ ಕಾಯದು. ಅದಕ್ಕಾಗಿಯೇ ಗಾಳಿಯಾಡುವ ಕಟಾಂಜನ, ಬಿಸಿಲು ತಡೆಯುವ ತಾಡಪತ್ರಿ, ಜಾರದ ಹಾಸು. ಇವೆಲ್ಲ ಸರಕಿನ ಮಾತಿಗೆ ಗಾಡಿ ಕೊಟ್ಟ ಉತ್ತರ.

ಆದರೆ ಇಲ್ಲಿಯೇ ಹಳೆಯ ವಿದ್ಯೆಯ ಒಂದು ಎಳೆ ಕಡಿದುಹೋಗಿದೆ. ಚಕ್ಕಡಿಗೆ ಮಿತಿಮೀರಿ ಹೇರಿದಾಗ ಎತ್ತು ನಿಂತುಬಿಡುತ್ತಿತ್ತು, ಮಂಡಿಯೂರುತ್ತಿತ್ತು. ಸಾಕೆಂದು ಹೇಳುವ ಜೀವವೊಂದು ನೊಗದ ಕೆಳಗೆ ಇತ್ತು. ಎಂಜಿನು ಹಾಗೆ ಹೇಳುವುದಿಲ್ಲ. ಕಮಾನುಪಟ್ಟಿ ಬಗ್ಗುವುದು ಅದರ ಭಾಷೆ. ಇನ್ನೆರಡು ಪಟ್ಟಿ ಸೇರಿಸಿದಾಗ ಆ ಬಾಯಿಯನ್ನೂ ನಾವು ಮುಚ್ಚಿದಂತಾಗುತ್ತದೆ. ಗಾಡಿ ನೆಟ್ಟಗೆ ನಿಂತು, ಭಾರವನ್ನು ಹೊರಬಲ್ಲೆನೆಂದು ಸುಳ್ಳು ಭರವಸೆ ಕೊಡುತ್ತದೆ. ಪಟ್ಟಿ ಹೆಚ್ಚಿದರೂ ಬ್ರೇಕು ಹೆಚ್ಚಲಿಲ್ಲ, ಅಚ್ಚು ದಪ್ಪವಾಗಲಿಲ್ಲ, ಟಯರಿನ ಶಕ್ತಿ ಏರಲಿಲ್ಲ. ಭಾರ ಒಂದೂವರೆ ಪಟ್ಟಾದರೆ ನಿಲ್ಲಿಸಲು ಬೇಕಾದ ಶಕ್ತಿಯೂ ಒಂದೂವರೆ ಪಟ್ಟು. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟು. ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಿ ಕರಗಬೇಕು. ಕರಗದಿದ್ದರೆ ಎದುರಿಗಿದ್ದವನ ಮೇಲೆ ಅದು ತೀರುತ್ತದೆ.

ಹೇರುವ ವಿದ್ಯೆಯೂ ಹಾಗೆಯೇ. ತೊಟ್ಟಿಯನ್ನು ಹಿಂದಕ್ಕೆ ಉದ್ದಮಾಡಿ ಹಿಂದಿನ ಅಚ್ಚಿನ ಆಚೆಗೆ ಭಾರ ಹೇರಿದರೆ ಮುಂದಿನ ಗಾಲಿಗಳು ಹಗುರವಾಗಿ, ಸ್ಟೀರಿಂಗು ತಿರುಗಿಸಿದರೂ ಗಾಡಿ ತಿರುಗದು. ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿದ ಹಳೆಯ ಕಥೆಯೇ ಇದು. ಕಟಾಂಜನವನ್ನು ಎತ್ತರಿಸಿ ಹೇರಿದರೆ ಭಾರದ ನಡು ಮೇಲಕ್ಕೇರಿ, ತಿರುವಿನಲ್ಲಿ ಗಾಡಿ ಮಗುಚುತ್ತದೆ. ಸರಕಿನ ಗಾಡಿಯಲ್ಲಿ ಕೂಲಿಯ ಜನರನ್ನೂ ಜಾತ್ರೆಯ ಜನರನ್ನೂ ತುಂಬಿದಾಗ ಈ ತಪ್ಪಿನ ಬೆಲೆಯನ್ನು ಅವರು ತೆರಬೇಕಾಗುತ್ತದೆ.

ಕಾಯಿದೆಯ ನೋಟವೂ ಇದೇ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿ ಕಾಣಿಸಿದ ವಿವರಗಳು ತಯಾರಕನು ಹೇಳಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಬೇರೆ ಇಂಧನದ ಸಾಧನವನ್ನು ನಿಯಮದಂತೆ ಅಳವಡಿಸುವುದಕ್ಕೆ ಅಲ್ಲಿ ಅವಕಾಶವುಂಟು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿತು. ಮೂತಿಗೆ ಕಬ್ಬಿಣದ ಗಾರ್ಡು ಕಟ್ಟುವುದರ ವಿರುದ್ಧ ಕೇಂದ್ರ ಸರ್ಕಾರವು 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚನೆ ಕೊಟ್ಟಿತ್ತು.

ಹಾಗಾದರೆ ಮನೆಯವರ ಕೈಗೆ ಕೆಲಸವೇ ಉಳಿಯಲಿಲ್ಲವೆ? ಬೇಕಾದಷ್ಟು ಉಳಿದಿದೆ. ತೊಟ್ಟಿಯ ತಳಕ್ಕೆ ರಬ್ಬರಿನ ಹಾಸು ಹಾಕಬಹುದು; ಚೀಲ ಜಾರುವುದು ತಪ್ಪುತ್ತದೆ. ಎರೆಯ ಕೆಸರು ಕೆಳಗಿನ ಚೌಕಟ್ಟಿನಲ್ಲಿ ಒಣಗಿ ಕೂರದಂತೆ ಮಳೆಗಾಲದಲ್ಲಿ ಆಗಾಗ ತೊಳೆಯಬೇಕು. ತಾಡಪತ್ರಿಗೆ ಹಗ್ಗ, ಹಿಂಬದಿಗೆ ಬೆಳಕನ್ನು ಪ್ರತಿಫಲಿಸುವ ಪಟ್ಟಿ, ಟಯರಿಗೆ ತಯಾರಕನು ಹೇಳಿದಷ್ಟು ಗಾಳಿ, ಗಾಲಿಯ ನಟ್ಟುಗಳ ಬಿಗಿತ ಇವು ನಮ್ಮ ಕೈಯಲ್ಲೇ ಇರುವ ಸುಧಾರಣೆಗಳು. ಭಾರವಾದುದನ್ನು ಕೆಳಗೆ, ಹಿಂದಿನ ಅಚ್ಚಿಗಿಂತ ತುಸು ಮುಂದೆ ಇಡಬೇಕು. ಹಗುರವಾದುದನ್ನು ಮೇಲೆ ಇಡಬೇಕು. ಇನ್ನೂ ಹೆಚ್ಚು ಭಾರ ಬೇಕೆಂದರೆ ಇನ್ನೊಂದು ಸಾರಿ ಹೋಗಿಬರುವುದು, ಇಲ್ಲವೆ ಅದಕ್ಕೆ ತಕ್ಕ ದೊಡ್ಡ ಗಾಡಿ ಕೊಳ್ಳುವುದು, ಪಟ್ಟಿ ಸೇರಿಸುವುದಲ್ಲ.

ಚಕ್ಕಡಿಯ ಯಜಮಾನನು ಹೊರಡುವ ಮುಂಚೆ ಮೂರು ಕೆಲಸ ಮಾಡುತ್ತಿದ್ದನು: ನೊಗವನ್ನು ಎತ್ತಿ ನೋಡುತ್ತಿದ್ದನು, ಕಡೆಗೀಲನ್ನು ಮುಟ್ಟಿ ನೋಡುತ್ತಿದ್ದನು, ಎತ್ತಿನ ಬೆನ್ನು ಚಪ್ಪರಿಸುತ್ತಿದ್ದನು. ಅವನ ಮೊಮ್ಮಗನು ಇಂದು ಪಿಕಪ್ಪಿನ ಕೀಲಿಕೈ ತಿರುಗಿಸುವ ಮುಂಚೆ ಹೇರಿನ ತೂಕ, ಗಾಲಿಯ ನಟ್ಟು, ಬ್ರೇಕು ಈ ಮೂರನ್ನು ನೋಡಿಕೊಂಡರೆ, ಅಜ್ಜನ ವಿದ್ಯೆ ಅವನ ಗಾಡಿಯಲ್ಲೂ ಮುಂದುವರಿದೀತು.