ಕರೆಂಟ್ ಬಂತು, ಕರೆಂಟ್ ಹೋಯ್ತು: ಒಂದು ಪದದ ಕಥೆ

ನಮ್ಮ ಹಳ್ಳಿಗಳಲ್ಲಿ ದಿನಕ್ಕೆ ಹತ್ತಾರು ಸಲ ಬಾಯಿಗೆ ಬರುವ ಇಂಗ್ಲಿಷ್ ಪದ ಯಾವುದು? ಯಾರಾದರೂ ಹೀಗೆ ಕೇಳಿದರೆ ನಮ್ಮ ಉತ್ತರ ಒಂದೇ: ಕರೆಂಟ್. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಈ ಪದ ಗೊತ್ತು, ಈಗಷ್ಟೇ ಮಾತು ಕಲಿತ ಮಗುವಿಗೂ ಗೊತ್ತು. ‘ಕರೆಂಟ್ ಬಂತಾ?’, ‘ಈಗ ತಾನೇ ತೆಗೆದ್ರು’, ‘ಕರೆಂಟ್ ಬಿಲ್ ಕಟ್ಟಿದ್ಯಾ?’, ‘ಆ ತಂತಿ ಮುಟ್ಟಬೇಡ, ಕರೆಂಟ್ ಹೊಡೆಯುತ್ತೆ.’

ಪತ್ರಿಕೆಗೆ ಬಂದಾಗ ಮಾತ್ರ ಇದು ‘ವಿದ್ಯುತ್’ ಆಗುತ್ತದೆ. ವಿದ್ಯುತ್ ಎಂದರೆ ಸಂಸ್ಕೃತದಲ್ಲಿ ಮಿಂಚು. ಸುದ್ದಿ ಬರೆಯುವ ನಾವೂ ‘ವಿದ್ಯುತ್ ವ್ಯತ್ಯಯ’, ‘ವಿದ್ಯುತ್ ಸ್ಪರ್ಶ’ ಎಂದೇ ಬರೆಯುತ್ತೇವೆ. ಆದರೆ ‘ವಿದ್ಯುತ್ ವ್ಯತ್ಯಯವಾಯಿತು’ ಎಂದು ಅಡುಗೆಮನೆಯಿಂದ ಕೂಗಿ ಹೇಳಿದವರನ್ನು ನಾವಂತೂ ನೋಡಿಲ್ಲ.

ಇನ್ನೊಂದು ತಮಾಷೆ ಇದೆ. ಇಂಗ್ಲೆಂಡಿನವರು ಈ ಪದವನ್ನು ನಮ್ಮ ಹಾಗೆ ಬಳಸುವುದಿಲ್ಲ. ಅವರ ಮನೆಯ ದೀಪ ಆರಿದರೆ ‘ಪವರ್ ಹೋಯಿತು’ ಎನ್ನುತ್ತಾರೆ. ಹಿಂದಿಯವರು ‘ಬಿಜಲಿ’ ಅಥವಾ ‘ಲೈಟ್’ ಹೋಯಿತು ಎನ್ನುತ್ತಾರೆ. ‘ಕರೆಂಟ್ ಹೋಯ್ತು’ ಎನ್ನುವವರು ನಾವು, ಜೊತೆಗೆ ನೆರೆಯ ತಮಿಳರು, ತೆಲುಗರು. ಹಾಗಾದರೆ ಈ ಪದ ಎಲ್ಲಿಂದ ಬಂತು, ನಮ್ಮೂರಿಗೆ ಬರುವ ಹೊತ್ತಿಗೆ ಅದರ ಅರ್ಥ ಏನಾಯಿತು?

ಮೊದಲ ಅರ್ಥ: ಓಡುವುದು

ಲ್ಯಾಟಿನ್ ಭಾಷೆಯಲ್ಲಿ ‘ಕುರ್ರೆರೆ’ ಎಂದರೆ ಓಡು. ಅಲ್ಲಿಂದ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ಪದ ಕರೆಂಟ್. ಇಂಗ್ಲಿಷಿನಲ್ಲಿ ಅದು ಮೊದಲು ಹರಿಯುವ ನೀರಿಗೆ ಸೇರಿದ ಮಾತು. ನಾವು ‘ಹೊಳೆಯ ಸೆಳವು ಜಾಸ್ತಿ ಇದೆ, ಇಳಿಯಬೇಡ’ ಎನ್ನುತ್ತೇವಲ್ಲ, ಆ ಸೆಳವಿಗೆ ಅವರು ಇಂದಿಗೂ ಕರೆಂಟ್ ಎನ್ನುತ್ತಾರೆ.

ಓಡುತ್ತಿರುವುದು ಎಂದರೆ ಈಗ ನಡೆಯುತ್ತಿರುವುದು. ಹೀಗೆ ಎರಡನೇ ಅರ್ಥ ಹುಟ್ಟಿತು: ಸದ್ಯದ, ಈಗಿನ. ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರ ಕೈಯಲ್ಲಿರುವ ‘ಕರೆಂಟ್ ಅಫೇರ್ಸ್’ ಪುಸ್ತಕಕ್ಕೂ ಲೈನ್‌ಮನ್‌ಗೂ ಸಂಬಂಧವಿಲ್ಲ. ಅದು ಪ್ರಚಲಿತ ವಿದ್ಯಮಾನ. ವಾಟ್ಸ್‌ಆ್ಯಪ್‌ನಲ್ಲಿ ‘ಕರೆಂಟ್ ಲೊಕೇಶನ್’ ಕಳಿಸಿ ಎಂದರೆ ನೀವು ಈಗ ನಿಂತಿರುವ ಜಾಗ. ಅರ್ಜಿ ಫಾರ್ಮಿನಲ್ಲಿ ‘ಕರೆಂಟ್ ಅಡ್ರೆಸ್’ ಎಂದರೆ ಸದ್ಯ ವಾಸವಿರುವ ವಿಳಾಸ. ಊರಿನ ಮನೆಯದನ್ನು ‘ಪರ್ಮನೆಂಟ್’ ಕಾಲಂನಲ್ಲಿ ಬರೆಯಬೇಕು. ಬ್ಯಾಂಕಿನ ‘ಕರೆಂಟ್ ಅಕೌಂಟ್’ ಎಂದರೆ ದಿನವೂ ಹಣ ಓಡಾಡುವ ವ್ಯಾಪಾರಿಗಳ ಖಾತೆ. ಅದಕ್ಕೆ ಸಾಮಾನ್ಯವಾಗಿ ಬಡ್ಡಿ ಇಲ್ಲ. ಉಳಿತಾಯ ಮಾಡುವವರಿಗೆ ಬೇಕಾದದ್ದು ಸೇವಿಂಗ್ಸ್ ಖಾತೆ.

ಕೈಯಿಂದ ಕೈಗೆ ಓಡುವ ಹಣಕ್ಕೆ ‘ಕರೆನ್ಸಿ’ ಎಂಬ ಹೆಸರು ಬಂದದ್ದೂ ಇದೇ ಬೇರಿನಿಂದ. ಆ ಪದವನ್ನೂ ನಾವು ಹಾಗೇ ಬಿಡಲಿಲ್ಲ. ಮೊಬೈಲ್ ಬಂದಾಗ ‘ಕರೆನ್ಸಿ ಹಾಕಿಸು’, ‘ಕರೆನ್ಸಿ ಖಾಲಿ’ ಎಂದು ಅದನ್ನು ಫೋನಿಗೂ ತುಂಬಿದೆವು.

ಹರಿಯುವ ನೀರಿನ ಪದ ತಂತಿಗೆ ಏರಿದ್ದು ಹೇಗೆ? 18ನೇ ಶತಮಾನದ ಯುರೋಪಿನ ವಿದ್ವಾಂಸರು ಈ ಶಕ್ತಿಯನ್ನು ಕಣ್ಣಿಗೆ ಕಾಣದ ಒಂದು ದ್ರವ ಎಂದು ಭಾವಿಸಿದ್ದರು. ಕೊಳವೆಯಲ್ಲಿ ನೀರು ಹರಿದಂತೆ ತಂತಿಯಲ್ಲಿ ಅದು ಹರಿಯುತ್ತದೆ ಎಂಬುದು ಅವರ ಲೆಕ್ಕ. ಹಾಗಾಗಿ ನೀರಿನ ಪದವನ್ನೇ ಎರವಲು ಪಡೆದರು. 1820ರ ದಶಕದಲ್ಲಿ ಆ ಹರಿವಿನ ಲೆಕ್ಕಾಚಾರಕ್ಕೆ ಗಟ್ಟಿ ತಳಹದಿ ಹಾಕಿದವರು ಫ್ರಾನ್ಸಿನ ಆಂಪಿಯರ್. ನಿಮ್ಮ ಪಂಪ್‌ಸೆಟ್ ಸ್ಟಾರ್ಟರ್ ಪೆಟ್ಟಿಗೆಯ ಮುಳ್ಳು ತೋರಿಸುವ ‘ಆಂಪ್ಸ್’ ಅವರದೇ ಹೆಸರು.

ಕಾವೇರಿಯ ಸೆಳವು, ಕೋಲಾರದ ಚಿನ್ನ

ಕರ್ನಾಟಕದಲ್ಲಿ ಈ ಪದದ ಎರಡು ಅರ್ಥಗಳು ಒಂದೇ ಜಾಗದಲ್ಲಿ ಕೂಡಿದವು. ಆ ಜಾಗ ಶಿವನಸಮುದ್ರ. ಕಾವೇರಿಯ ಸೆಳವಿನಿಂದ ಅಲ್ಲಿ ಕರೆಂಟ್ ತೆಗೆದರು.

ದಿವಾನ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಶುರುವಾಯಿತು. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅದನ್ನು ರೂಪಿಸಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು ಬಂದವು. 1902ರ ಜೂನ್ 30ರಂದು ಕರೆಂಟ್ ಹರಿಯಿತು. ಹರಿದದ್ದು ಎಲ್ಲಿಗೆ? ಪಕ್ಕದ ಮಳವಳ್ಳಿಗಲ್ಲ, ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ. 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ಒಂದು.

ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಒಂದು ಸಣ್ಣ ಜಲವಿದ್ಯುತ್ ಘಟಕ ಇತ್ತು. ಆದರೆ ಗಣಿಯಂಥ ದೊಡ್ಡ ಉದ್ಯಮಕ್ಕಾಗಿ ಇಷ್ಟು ದೂರ ತಂತಿ ಎಳೆದ ಶಿವನಸಮುದ್ರದ ಸಾಹಸವೇ ಬೇರೆ. ಅದರ ಬಗ್ಗೆ ಹೆಮ್ಮೆ ಪಡಲೇಬೇಕು. ಜೊತೆಗೆ ಒಂದು ಮಾತನ್ನೂ ನೆನಪಿಡಬೇಕು. ಆ 147 ಕಿಲೋಮೀಟರ್ ಉದ್ದಕ್ಕೂ ತಂತಿ ಹಾದುಹೋದದ್ದು ಹಳ್ಳಿಗಳ ನೆತ್ತಿಯ ಮೇಲೆ. ಕೆಳಗಿನ ಮನೆಗಳಲ್ಲಿ ಉರಿಯುತ್ತಿದ್ದದ್ದು ಎಣ್ಣೆಯ ದೀಪ.

ಗಣಿಯ ನಂತರ ನಗರ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ಮೊದಲ ಕರೆಂಟ್ ದೀಪ ಹೊತ್ತಿತು. 1908ರಲ್ಲಿ ಮೈಸೂರಿನ ಸರದಿ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಯ ಕರೆಂಟ್ ಕೂಡ ಸೊರಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮ ನೀರು ಕೊಡುವುದೂ ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಇಂದು ನಾವು ಕೆಆರ್‌ಎಸ್ ಎಂದರೆ ನಾಲೆ, ಗದ್ದೆ, ಕಬ್ಬು ಎಂದುಕೊಳ್ಳುತ್ತೇವೆ. ಅದರ ಹಿಂದೆ ಚಿನ್ನದ ಗಣಿಯ ಕರೆಂಟ್ ಕೂಡ ಇತ್ತು.

ಆ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರದ ಕೇಂದ್ರ ಇನ್ನೂ ಇದೆ.

‘ಊರಿಗೆ ಕರೆಂಟ್ ಬಂತು’ ಅಂದರೆ ಏನು?

ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಕರೆಂಟ್ ಇದ್ದ ಹಳ್ಳಿಗಳು ಸುಮಾರು 1,500 ಮಾತ್ರ. ಆಮೇಲೆ ಕಂಬಗಳು ಒಂದೊಂದೇ ಊರಿನ ಕಡೆ ನಡೆದು ಬಂದವು. ನಮ್ಮಲ್ಲಿ 1957ರಲ್ಲಿ ವಿದ್ಯುತ್ ಮಂಡಳಿ ಆಯಿತು. ಅದೇ ಮುಂದೆ ಕೆಇಬಿ. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ, ಹೆಸ್ಕಾಂನಂಥ ಕಂಪನಿಗಳು ಬಂದವು. ಜನ ಮಾತ್ರ ಇಂದಿಗೂ ‘ಕೆಇಬಿಯವರು ಬಂದ್ರು’ ಎನ್ನುತ್ತಾರೆ.

ಇಲ್ಲಿ ಪದದ ಅರ್ಥ ತುಂಬಾ ಮುಖ್ಯವಾಗುತ್ತದೆ. ಸರ್ಕಾರದ ಲೆಕ್ಕದಲ್ಲಿ ಒಂದು ಊರಿಗೆ ಕರೆಂಟ್ ಬಂದಿದೆ ಎಂದು ಹೇಳುವುದು ಯಾವಾಗ? 1997ರವರೆಗೆ ಊರಿನ ಕಂದಾಯ ಗಡಿಯೊಳಗೆ ಯಾವುದೇ ಕೆಲಸಕ್ಕೆ ಕರೆಂಟ್ ಬಳಸಿದರೂ ಸಾಕಿತ್ತು. ಒಬ್ಬ ರೈತನ ಬಾವಿಗೆ ಮೋಟಾರ್ ಬಂದರೆ ಇಡೀ ಊರು ‘ವಿದ್ಯುದೀಕರಣ’ ಆದಂತೆ. 1997ರ ನಂತರ ಜನವಸತಿ ಇರುವ ಜಾಗದಲ್ಲಿ ಬಳಕೆ ಇರಬೇಕು ಎಂದಾಯಿತು. 2004ರಲ್ಲಿ ಬಂದ ನಿಯಮದಂತೆ ಶಾಲೆ, ಪಂಚಾಯಿತಿಯಂಥ ಕಡೆ ಕರೆಂಟ್ ಇರಬೇಕು ಮತ್ತು ಕನಿಷ್ಠ 10% ಮನೆಗಳಿಗೆ ಸಂಪರ್ಕ ಇರಬೇಕು.

ನೂರು ಮನೆಯ ಊರಿನಲ್ಲಿ ಹತ್ತು ಮನೆ. ಉಳಿದ ತೊಂಬತ್ತು ಮನೆ ಕತ್ತಲಲ್ಲಿದ್ದರೂ ಕಾಗದದ ಮೇಲೆ ಊರಿಗೆ ಬೆಳಕು. ಆ ಹತ್ತು ಮನೆಗಳು ಊರಿನ ಯಾವ ಕೇರಿಯಲ್ಲಿ ಇರುತ್ತಿದ್ದವು ಎಂಬುದನ್ನು ನಿಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಹಳ್ಳಿಗೆ ಕರೆಂಟ್ ತಲುಪಿ, ದೇಶದ ಎಲ್ಲ ಹಳ್ಳಿಗಳೂ ವಿದ್ಯುದೀಕರಣಗೊಂಡವು ಎಂಬ ಘೋಷಣೆ ಆಯಿತಲ್ಲ, ಅದಕ್ಕೂ ಅಳತೆಗೋಲು ಈ 10% ನಿಯಮವೇ.

ಬಡವರ ಮನೆಗೆ ಒಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಯೋಜನೆಯ ನೆನಪು ಹಿರಿಯರಿಗೆ ಇರುತ್ತದೆ. ಎಷ್ಟೋ ಮನೆಗಳಿಗೆ ‘ಕರೆಂಟ್ ಬಂದದ್ದು’ ಆ ಒಂದು ಬಲ್ಬಿನಿಂದ. 2023ರಿಂದ ಗೃಹಜ್ಯೋತಿ ಬಂದು 200 ಯೂನಿಟ್‌ವರೆಗಿನ ಬಳಕೆಯ ಮಾತು ನಡೆಯುತ್ತಿದೆ.

ಹಳ್ಳಿ ಕೊಟ್ಟ ಅರ್ಥ

ಪೇಟೆಯವರಿಗೆ ಕರೆಂಟ್ ಇದೆ ಅಥವಾ ಇಲ್ಲ, ಅಷ್ಟೇ. ಹಳ್ಳಿಯಲ್ಲಿ ಕರೆಂಟ್‌ಗೆ ಬಗೆಗಳುಂಟು. ಸಿಂಗಲ್ ಫೇಸ್ ಬಂದರೆ ಮನೆಗೆ ಬೆಳಕು, ತ್ರೀ ಫೇಸ್ ಬಂದರೆ ತೋಟಕ್ಕೆ ನೀರು. ವೋಲ್ಟೇಜ್ ಇಳಿದು ಬಲ್ಬು ಕೆಂಪಗಾದರೆ ‘ಡಿಮ್ ಕರೆಂಟ್’. ಹಗಲು ಪಾಳಿ ಬೇರೆ, ರಾತ್ರಿ ಪಾಳಿ ಬೇರೆ. ರಾತ್ರಿ ಪಾಳಿ ಎಂದರೆ ಹಾವಿನ ಭಯ, ಕಾಡಂಚಿನಲ್ಲಿ ಆನೆಯ ಭಯ, ಕೈಯಲ್ಲಿ ಟಾರ್ಚು. ಪಂಪ್‌ಸೆಟ್‌ನ ಕರೆಂಟಿಗೆ ದುಡ್ಡಿಲ್ಲದಿರಬಹುದು, ನಿದ್ದೆಗೆಡುವುದು ಮಾತ್ರ ತಪ್ಪುವುದಿಲ್ಲ.

ಒಂದು ಪದ ಯಾರದು ಎಂಬುದನ್ನು ಅದು ಹುಟ್ಟಿದ ಊರು ತೀರ್ಮಾನಿಸುವುದಿಲ್ಲ, ಬಳಸುವವರು ತೀರ್ಮಾನಿಸುತ್ತಾರೆ ಎಂದು ನಾವು ನಂಬುತ್ತೇವೆ. ಇಂಗ್ಲಿಷಿನವರಿಗೆ ಕರೆಂಟ್ ಎಂದರೆ ನಿಲ್ಲದೆ ಹರಿಯುವುದು. ನಮಗೆ ಕರೆಂಟ್ ಎಂದರೆ ಬರುವುದು ಮತ್ತು ಹೋಗುವುದು. ಇದನ್ನು ಅಜ್ಞಾನ ಎಂದು ಯಾರೂ ನಗಬೇಕಿಲ್ಲ. ಇದು ನೂರು ವರ್ಷ ಕಾದವರ ಅನುಭವ.

ನಿಮ್ಮ ಊರಿಗೆ ಕರೆಂಟ್ ಬಂದ ವರ್ಷ ಯಾವುದು? ಮೊದಲು ಯಾರ ಮನೆಗೆ, ಕೊನೆಗೆ ಯಾವ ಕೇರಿಗೆ ಬಂತು? ನೋಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಕೇಳಿ, ಬರೆದಿಡಿ. ಶಿವನಸಮುದ್ರದ ದಿನಾಂಕ ಪುಸ್ತಕದಲ್ಲಿದೆ, ನಿಮ್ಮ ಕೇರಿಯದು ಅವರ ನೆನಪಿನಲ್ಲಿ ಮಾತ್ರ ಇದೆ.